ರಾತ್ರಿ ಹನ್ನೊಂದೂವರೆಗೆ ಬರೋ ಮೆಸೇಜ್: ಇಂಟರ್ನೆಟ್‌ನಲ್ಲಿ ಸುವಾರ್ತೆ (ಯೇಸುವಿನ ಸಂದೇಶ) ಸಾರೋಕೆ ಹೊರಟಿರೋ ಸಣ್ಣ ಚರ್ಚ್ ಸಭೆಗಳಿಗೆ

ನಮ್ದು ದೊಡ್ಡ ಸಭೆ ಅಲ್ಲ. ಮಾಮೂಲಿ ಭಾನುವಾರ ಎಂಬತ್ತು ತೊಂಬತ್ತು ಜನ, ಕ್ರಿಸ್ಮಸ್‌ಗೆ ಇನ್ನೂರು. 2020ರ ಮಾರ್ಚ್ ಕೊನೇಲಿ ಲಾಕ್‌ಡೌನ್ ಆಗಿ ದೇವಾಲಯದ ಬಾಗಿಲು ಹಾಕಿದ್ವಲ್ಲ, ಏಪ್ರಿಲ್ 12ಕ್ಕೆ ಈಸ್ಟರ್ ಇತ್ತು, ಎಲ್ಲಾ ಸಭೆಯವ್ರ ಥರಾನೇ ನಾವೂ ಗಾಬರಿಲಿ ಒಂದು ಫೋನ್‌ನ ಸ್ಟೂಲ್ ಮೇಲೆ ಪುಸ್ತಕಕ್ಕೆ ಒರಗಿಸಿಟ್ಟು ಫೇಸ್‌ಬುಕ್ ಲೈವ್ ಶುರು ಮಾಡಿದ್ವಿ. ಅವತ್ತಿಂದ ಇವತ್ತಿನವರೆಗೂ ಸಭೆಯ ಪೇಜು, ಚಾನೆಲ್ಲು, ಫೋನು ನನ್ನ ಕೈಲೇ ಇದೆ.

ಮೊದಲ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ದಿನಾ ಬೆಳಗ್ಗೆ ಸೂರ್ಯೋದಯದ ಫೋಟೋ ಮೇಲೆ ಬೈಬಲ್ಲಿನ ಒಂದು ವಾಕ್ಯ ಹಾಕಿ ಪೋಸ್ಟ್ ಮಾಡೋದು. ದಿನಾ ಅದೇ ನಲವತ್ತು ಲೈಕ್, ಅದೇ ನಲವತ್ತು ಜನ, ಎಲ್ರೂ ನಮ್ಮ ಸಭೆಯವ್ರೇ, ಕೆಳಗೆ ಆಮೆನ್ ಆಮೆನ್ ಅಂತ ಕಾಮೆಂಟು. ಒಂದಿನ ಬೆಳಗ್ಗೆ ಎದ್ದು ನೋಡಿದ್ರೆ ಪೇಜಿನ ಇನ್‌ಬಾಕ್ಸಲ್ಲಿ ಹಿಂದಿನ ರಾತ್ರಿ 11:40ಕ್ಕೆ ಒಂದು ಮೆಸೇಜ್ ಬಂದಿತ್ತು: "ಇಲ್ಲಿ ಯಾರಾದ್ರೂ ಇದೀರಾ? ಸ್ವಲ್ಪ ಮಾತಾಡ್ಬೇಕಿತ್ತು." ನಾನು ಬೆಳಗ್ಗೆ ಏಳಕ್ಕೆ "ಪ್ರೈಸ್ ದ ಲಾರ್ಡ್, ಹೇಳಿ" ಅಂತ ಕಳಿಸಿದೆ. ಆ ಕಡೆಯಿಂದ ಉತ್ತರ ಬರಲೇ ಇಲ್ಲ, ಇವತ್ತಿಗೂ ಬಂದಿಲ್ಲ. ಆ ಎರಡು ವರ್ಷದ ಏಳುನೂರು ಚಿಲ್ಲರೆ ಸೂರ್ಯೋದಯದ ಫೋಟೋಗಳಿಗಿಂತ ಆ ಒಂದು ಮೆಸೇಜೇ ನನಗೆ ಜಾಸ್ತಿ ಕಲಿಸ್ತು. ಆನ್‌ಲೈನ್ ಸೇವೆ ಅಂದ್ರೆ ಪೋಸ್ಟ್ ಹಾಕೋದಲ್ಲ, ಉತ್ತರ ಕೊಡೋದು. ಪೋಸ್ಟ್ ಬರೀ ಬಾಗಿಲು ಅಷ್ಟೇ, ಬಾಗಿಲು ತಟ್ಟಿದಾಗ ಒಳಗೆ ಯಾರಾದ್ರೂ ಇರಬೇಕಲ್ವಾ. ಕೆಳಗೆ ಬರೆದಿರೋದೆಲ್ಲ ಆ ದೃಷ್ಟಿಯಿಂದ ಬರೆದಿರೋದು.

ಮೊದಲು ಮೂರು ಜನರನ್ನ ಹುಡುಕಿ, ಪೇಜು ಆಮೇಲೆ

ಮೆಸೇಜ್ ನೋಡೋಕೆ ಮೂರು ಜನ ಬೇಕು. ಒಬ್ಬ ಬ್ರದರ್, ಒಬ್ಬ ಸಿಸ್ಟರ್, ಅವರಿಬ್ರಿಗೂ ಗೊತ್ತಾಗದ ಪ್ರಶ್ನೆ ಬಂದಾಗ ಕೇಳೋಕೆ ಪಾಸ್ಟರ್ ಅಥವಾ ಒಬ್ಬ ಹಿರಿಯರು. ಹೆಣ್ಣುಮಕ್ಕಳು ಬರೆದ್ರೆ ಸಿಸ್ಟರೇ ಉತ್ತರ ಕೊಡಬೇಕು, ಇದರಲ್ಲಿ ರಿಯಾಯಿತಿ ಬೇಡ, ಎಷ್ಟೇ ಒಳ್ಳೆ ಹುಡುಗ ಆಗಿರ್ಲಿ. ರಾತ್ರಿ ಹತ್ತರಿಂದ ಹನ್ನೆರಡು ಯಾರು ನೋಡ್ತಾರೆ ಅಂತ ವಾರಕ್ಕೊಮ್ಮೆ ಹಂಚ್ಕೊಳಿ, ಯಾಕಂದ್ರೆ ಮನಸ್ಸು ಭಾರ ಆದವ್ರು ಬರೆಯೋದು ಮನೆಯವರೆಲ್ಲ ಮಲಗಿದ ಮೇಲೆನೇ, ಇದು ಐದು ವರ್ಷದಿಂದ ನಾನು ಕಣ್ಣಾರೆ ನೋಡ್ತಿರೋದು.

ಸಭೆಗೆ ಅಂತಲೇ ಒಂದು ಬೇರೆ ಸಿಮ್ ತಗೊಳ್ಳಿ, ಪಾಸ್ಟರ್ ಮನೆ ನಂಬರ್ ಹಾಕ್ಬೇಡಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿದ್ರೆ ಮೊದಲ ಸಲ ಬರೆದವರಿಗೆ ತಾನಾಗೇ ಒಂದು ಸ್ವಾಗತದ ಮೆಸೇಜ್ ಹೋಗೋ ಥರ ಸೆಟ್ ಮಾಡ್ಬಹುದು, ಯಾರ ಹತ್ರ ಮಾತು ಎಲ್ಲಿಗೆ ನಿಂತಿದೆ ಅಂತ ಲೇಬಲ್ ಹಾಕಿಟ್ಕೋಬಹುದು. ಸ್ವಾಗತದ ಮೆಸೇಜಲ್ಲಿ ನಾವು ಯಾರು ಅಂತ ನೇರವಾಗಿ ಬರೀರಿ: ಇದು ಇಂಥ ಊರಿನ ಇಂಥ ಚರ್ಚಿನ ನಂಬರ್, ನಿಮ್ಮ ಮೆಸೇಜನ್ನ ನಮ್ಮಲ್ಲಿ ಇಂತಿಷ್ಟು ಜನ ಮಾತ್ರ ಓದ್ತಾರೆ, ಸ್ವಲ್ಪ ಹೊತ್ತಲ್ಲಿ ಒಬ್ರು ಉತ್ತರ ಕೊಡ್ತಾರೆ. ಅಷ್ಟು ಸಾಕು.

ಎರಡು ಹಂತದ ವೆರಿಫಿಕೇಶನ್ ಆನ್ ಮಾಡಿ, ಪೇಜಿಗೆ ಕನಿಷ್ಠ ಇಬ್ರು ಅಡ್ಮಿನ್ ಇರ್ಲಿ. ನಮ್ಮ ಮೊದಲ ಪೇಜ್ ಮಾಡಿದ್ದ ಹುಡುಗ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ, ಹಳೇ ಫೋನು ಕಳೀತು, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಆ ಪೇಜು ಈಗಲೂ ಹಳೇ ಪಾಸ್ಟರ್ ಹೆಸರು, ಹಳೇ ಟೈಮಿಂಗ್ ಇಟ್ಕೊಂಡು ಹಾಗೇ ಇದೆ, ಹುಡುಕಿದವ್ರಿಗೆ ಮೊದಲು ಸಿಗೋದೂ ಅದೇ.

ಗೂಗಲ್ ಮ್ಯಾಪ್‌ನಲ್ಲಿ ಚರ್ಚ್ ಇದೆಯಾ ನೋಡಿ

ಇದನ್ನ ಯಾರೂ ಸುವಾರ್ತೆ ಕೆಲಸ ಅಂದ್ಕೊಳ್ಳಲ್ಲ, ಆದ್ರೆ ನನ್ನ ಪ್ರಕಾರ ಒಂದು ಮಧ್ಯಾಹ್ನದಲ್ಲಿ ಮುಗಿಯೋ ಕೆಲಸಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಡಿಸೆಂಬರ್ 24ಕ್ಕೆ ಎಷ್ಟೋ ಜನ, ಕ್ರೈಸ್ತರಲ್ಲದವ್ರೂ, ಮಕ್ಕಳಿಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ) ತೋರ್ಸೋಣ ಅಂತ ಫೋನಲ್ಲಿ ಹತ್ರದ ಚರ್ಚ್ ಹುಡುಕ್ತಾರೆ. ಅವಾಗ ನಿಮ್ಮ ಚರ್ಚ್ ಪಕ್ಕದ ಗಲ್ಲೀಲಿ ತೋರಿಸ್ತಿದ್ರೆ, ಟೈಮೇ ಇಲ್ಲದಿದ್ರೆ ಅವ್ರು ಬೇರೆ ಕಡೆ ಹೋಗ್ತಾರೆ ಅಥವಾ ಮನೇಲೇ ಇರ್ತಾರೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಫ್ರೀ. ಅದರಲ್ಲಿ ಚರ್ಚನ್ನ ಕ್ಲೇಮ್ ಮಾಡಿ, ಪಿನ್ ಸರಿಯಾಗಿ ಗೇಟ್ ಮುಂದೆ ಬರೋ ಹಾಗೆ ಇಡಿ, ಕನ್ನಡ ಆರಾಧನೆ ಎಷ್ಟೊತ್ತಿಗೆ ಇಂಗ್ಲಿಷ್ ಎಷ್ಟೊತ್ತಿಗೆ ಅಂತ ಬರೀರಿ, ಗೇಟಿನ ಫೋಟೋ ಹಾಕಿ. ಗೋಪುರದ ಫೋಟೋ ಚೆನ್ನಾಗಿರತ್ತೆ, ಆದ್ರೆ ಆಟೋದಲ್ಲಿ ಬರೋರಿಗೆ ಗುರುತು ಸಿಗೋದು ಗೇಟೇ. ಇದು ನಿಮ್ದೇ ಚರ್ಚ್ ಅಂತ ತೋರ್ಸೋಕೆ ಸಾಮಾನ್ಯವಾಗಿ ವಿಡಿಯೋ ಮಾಡಿ ಕಳಿಸು ಅನ್ನತ್ತೆ, ಬೀದಿ, ಬೋರ್ಡು, ಒಳಗಡೆ ಎಲ್ಲಾ ಒಂದೇ ಟೇಕಲ್ಲಿ ತೆಗೀರಿ. ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್‌ಗೆ ಸಮಯ ಬದಲಾಗತ್ತಲ್ಲ, ಅದನ್ನ ಎರಡು ವಾರ ಮುಂಚೆನೇ ಅಪ್‌ಡೇಟ್ ಮಾಡಿ.

ನಮ್ಮ ಭಾಷೆ ಹೊರಗಿನವರಿಗೆ ಅರ್ಥ ಆಗಲ್ಲ

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ನಮ್ಮ ಪೋಸ್ಟ್‌ಗಳು ಸೋಲೋದು ಇಲ್ಲೇ.

"ಭಾನುವಾರ ಸಭೆ ಇದೆ, ತಪ್ಪದೇ ಬನ್ನಿ" ಅಂತ ಹಾಕ್ತೀವಿ. ನಮಗೆ ಸಭೆ ಅಂದ್ರೆ ವಿಶ್ವಾಸಿಗಳ ಕೂಟ, ಬೀದೀಲಿರೋರಿಗೆ ಸಭೆ ಅಂದ್ರೆ ಯಾವ್ದೋ ಪಾರ್ಟಿ ಮೀಟಿಂಗು. "ಸಹೋದರಿಯ ಸಾಕ್ಷಿ" ಅಂದ್ರೆ ನಮಗೆ ದೇವರು ತನಗೆ ಮಾಡಿದ್ದನ್ನ ಹೇಳ್ಕೊಳ್ಳೋದು, ಅವರಿಗೆ ಕೋರ್ಟ್ ನೆನಪಾಗತ್ತೆ. ರಕ್ಷಣೆ ಅಂದ್ರೆ ನಮಗೆ ಪಾಪದಿಂದ ಬಿಡುಗಡೆ, ಅವರಿಗೆ ಪೊಲೀಸ್ ರಕ್ಷಣೆ. ಅಭಿಷೇಕ ಅಂದ್ರೆ ನಮಗೆ ಪವಿತ್ರಾತ್ಮನ ಅಭಿಷೇಕ, ಅವರಿಗೆ ಹಾಲು ತುಪ್ಪದ ಅಭಿಷೇಕ. ಸುವಾರ್ತೆ ಅನ್ನೋ ಪದಾನೇ ಎಷ್ಟೋ ಜನ ಕೇಳಿರಲ್ಲ, ನಮ್ಮ ಕ್ಯಾಥೊಲಿಕ್ ಬಂಧುಗಳು ಶುಭಸಂದೇಶ ಅಂತಾರೆ, ಅದು ಸ್ವಲ್ಪ ಬೇಗ ತಲುಪತ್ತೆ ಅನ್ಸತ್ತೆ ನನಗೆ. ಈ ಪದಗಳನ್ನ ಬಿಟ್ಬಿಡಿ ಅಂತಲ್ಲ, ಅವು ನಮ್ಮ ತಾತ ಮುತ್ತಾತನ ಕಾಲದಿಂದ ಪ್ರಾರ್ಥನೇಲಿ ಬಂದ ಪದಗಳು, ಆರಾಧನೇಲಿ ಇರ್ಲಿ. ಹೊರಗಿನವರಿಗೆ ಬರೆಯೋವಾಗ ಮನೆ ಮಾತಲ್ಲಿ ಬರೀರಿ.

ಒಂದು ಉದಾಹರಣೆ ಕೊಡ್ತೀನಿ. ನಾವು ಮೊದಲು ಹಾಕಿದ್ದ ಪೋಸ್ಟು: "ಉಪವಾಸ ಪ್ರಾರ್ಥನಾ ಕೂಟ, ಶುಕ್ರವಾರ ಬೆಳಿಗ್ಗೆ 10:30, ದೇವರ ವಾಕ್ಯದ ಮೂಲಕ ಆಶೀರ್ವಾದ ಹೊಂದಿರಿ." ಒಬ್ಬ ಹೊಸಬರೂ ಬರ್ಲಿಲ್ಲ. ನಮ್ಮ ಸಭೆಯ ಒಬ್ಬ ಅಕ್ಕ, ಟೀಚರ್ ಆಗಿದ್ದೋರು, ಅದನ್ನ ಹೀಗೆ ಬದಲಾಯಿಸಿ ಕೊಟ್ರು: "ಮನೇಲಿ ಹುಷಾರಿಲ್ವಾ, ಮಕ್ಕಳ ಪರೀಕ್ಷೆ ಟೆನ್ಶನ್ನಾ, ಯಾರ ಹತ್ರನೂ ಹೇಳ್ಕೊಳಕ್ಕಾಗದ ಚಿಂತೆನಾ? ನಿಮಗೋಸ್ಕರ ಶುಕ್ರವಾರ ನಾವು ಪ್ರಾರ್ಥನೆ ಮಾಡ್ತೀವಿ. ಬರಲೇಬೇಕು ಅಂತೇನಿಲ್ಲ, ಹೆಸರೂ ಹೇಳ್ಬೇಡಿ, ವಿಷಯ ಮಾತ್ರ ಈ ನಂಬರಿಗೆ ಕಳ್ಸಿ." ಆ ವಾರ ಒಂಬತ್ತು ಮೆಸೇಜ್ ಬಂತು, ಅದರಲ್ಲಿ ಆರು ನಮಗೆ ಗೊತ್ತೇ ಇಲ್ಲದ ನಂಬರ್‌ಗಳು. ಬೈಬಲಲ್ಲಿ ಮತ್ತಾಯ 11:28ರಲ್ಲಿ ಹೊರೆ ಹೊತ್ತವರನ್ನ ಯೇಸು ಕರೆಯೋ ಮಾತಿದೆಯಲ್ಲ, ಆ ಅಕ್ಕ ಮಾಡಿದ್ದು ಅದೇ ಮಾತನ್ನ ನಮ್ಮ ಬೀದಿ ಕನ್ನಡಕ್ಕೆ ತಂದಿದ್ದು.

ಹೀಗೆ ಜನರ ಮಾತಲ್ಲಿ ಬರೆಯೋದು ನಮ್ಮ ನಾಡಿಗೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ, ಅಲ್ಲಿಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರ ಅಂತ ಪತ್ರಿಕೆ ತಂದ್ರು, ಕನ್ನಡದ ಮೊದಲ ಪತ್ರಿಕೆ ಅದೇ, ಇವತ್ತಿಗೂ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. ಅದರಲ್ಲಿ ಬರೀ ಪ್ರಸಂಗ (ಚರ್ಚಿನ ಉಪದೇಶ) ತುಂಬಿರಲಿಲ್ಲ, ಊರಿನ ಸುದ್ದಿ, ಸರ್ಕಾರದ ಆದೇಶ, ಬೇರೆ ದೇಶದ ವರ್ತಮಾನ, ಕಥೆ ಎಲ್ಲಾ ಇತ್ತು. ಆ ಮಿಶನರಿಗಳು ಜನರ ಕನ್ನಡ ಕಲಿಯೋಕೆ ವರ್ಷಗಟ್ಲೆ ಕೂತ್ರು, ಅವರಲ್ಲೇ ಒಬ್ರಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ನಾವು ಇಲ್ಲೇ ಹುಟ್ಟಿ ಬೆಳೆದವ್ರು, ಪಕ್ಕದ ಮನೆಯವ್ರಿಗೆ ಅರ್ಥ ಆಗೋ ಹಾಗೆ ನಾಲ್ಕು ಸಾಲು ಬರೆಯೋಕೆ ಅರ್ಧ ಗಂಟೆ ಕೂರೋದು ದೊಡ್ಡದಲ್ಲ.

ಏನು ಹಾಕೋದು

ದಿನಾ ಏನಾದ್ರೂ ಹಾಕಲೇಬೇಕು ಅನ್ನೋ ಹಠ ಬಿಡಿ. ನಮಗೆ ಕೈ ಹಿಡಿದಿದ್ದು ಹದಿನಾರು ದಿನದ ಮಾರ್ಕ. ಮಾರ್ಕನ ಸುವಾರ್ತೇಲಿ 16 ಅಧ್ಯಾಯ ಇದೆ, ಯೇಸುವಿನ ಜೀವನ ಹೇಳೋ ಬೈಬಲ್ಲಿನ ನಾಲ್ಕು ಸುವಾರ್ತೆ ಪುಸ್ತಕಗಳಲ್ಲಿ ಅದೇ ಚಿಕ್ಕದು, ಕಥೆ ಓಡ್ತಾ ಹೋಗತ್ತೆ. ದಿನಕ್ಕೊಂದು ಅಧ್ಯಾಯ ಆಡಿಯೋ, ಓದೋದು ಏಳೆಂಟು ನಿಮಿಷ ಆಗತ್ತೆ, ಕೊನೇಲಿ ಒಂದೇ ಒಂದು ಪ್ರಶ್ನೆ. ಉಪದೇಶ ಬೇಡ, ಪ್ರಶ್ನೆ ಸಾಕು. ನಾಲ್ಕನೇ ಅಧ್ಯಾಯದಲ್ಲಿ ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ತಿರೋವಾಗ ಯೇಸು ಮಲಗಿರ್ತಾನಲ್ಲ, ಅವತ್ತು ನಾವು ಕೇಳಿದ್ದು "ನಿಮ್ಮ ಕಷ್ಟದಲ್ಲಿ ದೇವರು ನಿದ್ದೆ ಮಾಡ್ತಿದಾನೆ ಅನ್ಸಿದ್ದು ಯಾವಾಗ?" ಅಂತ. ಅವತ್ತು ಬಂದಷ್ಟು ಉತ್ತರ ಇನ್ಯಾವತ್ತೂ ಬಂದಿಲ್ಲ.

ಯಾವ ಅನುವಾದ ಓದ್ತೀರಿ ನೋಡ್ಕೊಳ್ಳಿ. ಆನ್‌ಲೈನಲ್ಲಿ ಸಿಗತ್ತೆ ಅಂದ ಮಾತ್ರಕ್ಕೆ ಸತ್ಯವೇದದ ಎಲ್ಲಾ ಅನುವಾದಾನೂ ರೆಕಾರ್ಡ್ ಮಾಡಿ ಹಾಕೋ ಹಾಗಿಲ್ಲ, ಬೈಬಲ್ ಸೊಸೈಟಿಯವರ ಪಠ್ಯಕ್ಕೆ ಕಾಪಿರೈಟ್ ಇದೆ, ಒಂದೆರಡು ವಾಕ್ಯ ಹಾಕೋದು ಬೇರೆ, ಇಡೀ ಪುಸ್ತಕ ಓದಿ ಹಾಕೋದು ಬೇರೆ, ಅದಕ್ಕೆ ಪತ್ರ ಬರೆದು ಅನುಮತಿ ಕೇಳಿ. ಹಾಡಿಗೂ ಅಷ್ಟೇ. ನಮ್ಮ ದೇಶದಲ್ಲಿ ಬರೆದವ್ರು ತೀರಿಕೊಂಡು 60 ವರ್ಷ ಆಗೋವರೆಗೂ ಹಾಡಿನ ಹಕ್ಕು ಇರತ್ತೆ, ಹಳೇ ಕೀರ್ತನೆಗಳಲ್ಲಿ ಎಷ್ಟೋ ಆ ಮಿತಿ ದಾಟಿವೆ, ನಿಮ್ಮ ಕ್ವಾಯರ್ ಹಾಡಿದ್ರೆ ತೊಂದ್ರೆ ಇಲ್ಲ, ಆದ್ರೆ ಅದೇ ಕೀರ್ತನೆಯ ಬೇರೆಯವರ ರೆಕಾರ್ಡಿಂಗ್ ತಗೊಂಡು ವಿಡಿಯೋಗೆ ಹಾಕಿದ್ರೆ ಯೂಟ್ಯೂಬ್ ಹಿಡಿಯತ್ತೆ. 90 ದಿನದಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ ಬಂದ್ರೆ ಚಾನೆಲ್ಲೇ ಹೋಗತ್ತೆ.

ಇನ್ನೊಂದು ಸಣ್ಣ ವಿಷಯ, ಆದ್ರೆ ಎಲ್ರೂ ಎಡವೋದು. ಚರ್ಚ್ ಆಫೀಸಿನ ಕಂಪ್ಯೂಟರಲ್ಲಿ ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಫೇಸ್‌ಬುಕ್‌ಗೆ ಪೇಸ್ಟ್ ಮಾಡಿದ್ರೆ ಅರ್ಥವಿಲ್ಲದ ಅಕ್ಷರ ಬರತ್ತೆ. ಎಲ್ಲಾ ಫೋನಲ್ಲೂ ಓದೋಕಾಗೋ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಹಾಕಿ, ಇಲ್ಲಾ ಫೋನಲ್ಲೇ ಗೂಗಲ್‌ನ ಕೀಬೋರ್ಡ್ ಜಿಬೋರ್ಡಲ್ಲಿ ಮಾತಾಡಿ ಟೈಪ್ ಮಾಡಿಸಿ ಆಮೇಲೆ ತಿದ್ದಿ. ಬರೆದಿದ್ದನ್ನೆಲ್ಲ ಫೋಟೋ ಮಾಡಿ ಹಾಕೋ ಅಭ್ಯಾಸಾನೂ ಬೇಡ, ಫೋಟೋ ಒಳಗಿನ ಅಕ್ಷರ ಹುಡುಕಿದ್ರೆ ಸಿಗೋದು ಕಷ್ಟ, ಕಣ್ಣು ಕಾಣದವ್ರ ಫೋನ್ ಅದನ್ನ ಸರಿಯಾಗಿ ಓದಿ ಹೇಳೋದೂ ಇಲ್ಲ.

ವಾಟ್ಸಾಪ್: ಗ್ರೂಪಾ, ಚಾನೆಲ್ಲಾ

ಹೊಸಬರನ್ನ ಕೇಳದೇ ಗ್ರೂಪಿಗೆ ಸೇರಿಸ್ಬೇಡಿ. ಗ್ರೂಪಲ್ಲಿ ಸಾಮಾನ್ಯವಾಗಿ ಎಲ್ಲರ ನಂಬರೂ ಎಲ್ರಿಗೂ ಕಾಣತ್ತೆ, ಬೈಬಲ್ ಬಗ್ಗೆ ತಿಳ್ಕೋಬೇಕು ಅಂತ ಗುಟ್ಟಾಗಿ ಕೇಳಿದ ಹುಡುಗಿ ನಂಬರ್ ನೂರೈವತ್ತು ಜನರ ಕೈಗೆ ಹೋಯ್ತು ಅಂದ್ರೆ ಅದು ನಾವು ಮಾಡಿದ ದ್ರೋಹ. ಹೊಸಬರಿಗೆ ಚಾನೆಲ್ ಒಳ್ಳೇದು, 2023ರ ಸೆಪ್ಟೆಂಬರಲ್ಲಿ ನಮ್ಮ ದೇಶಕ್ಕೆ ಬಂತು, ಫಾಲೋ ಮಾಡಿದವ್ರ ನಂಬರ್ ಬೇರೆ ಫಾಲೋವರ್ಸ್‌ಗೆ ಕಾಣಲ್ಲ. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ ಇದೆ, ಜೊತೆಗೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗೆ ಮಾತ್ರ ಹೋಗತ್ತೆ. ಸಭೆಯವ್ರಿಗೆ ಗ್ರೂಪ್ ಇರ್ಲಿ, ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಥರ.

ಗಲ್ಫಲ್ಲಿರೋ ನಮ್ಮ ಊರಿನವ್ರಿಗೂ ಇದೇ ಚಾನೆಲಿಂದ ಆರಾಧನೆ ಲಿಂಕ್ ಹೋಗತ್ತೆ, ಕುವೈತಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಹಾಗಾಗಿ ರೆಕಾರ್ಡಿಂಗ್ ಉಳಿಸಿಡಿ. ಆದ್ರೆ ಅವ್ರಿಗೆ "ಅಲ್ಲಿ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿ" ಅಂತ ಹೇಳ್ಬೇಡಿ. ಅಲ್ಲಿಯ ಕಾನೂನು ಬೇರೆ, ಧರ್ಮಪ್ರಚಾರಕ್ಕೆ ಕೆಲಸ ಹೋಗೋದಷ್ಟೇ ಅಲ್ಲ, ಜೈಲೂ ಆಗಬಹುದು.

ಲೈವ್: ಮೊದಲು ಧ್ವನಿ

ಯೂಟ್ಯೂಬ್ ಲೈವ್‌ಗೆ ಫೋನ್ ನಂಬರ್ ವೆರಿಫೈ ಆಗಿರ್ಬೇಕು, ಮೊದಲ ಸಲ ಆನ್ ಮಾಡಿದ್ರೆ 24 ಗಂಟೆವರೆಗೂ ಕಾಯಿಸ್ಬಹುದು, ಹಾಗಾಗಿ ಶನಿವಾರ ರಾತ್ರಿ ಶುರು ಮಾಡ್ಬೇಡಿ. ಫೋನಿಂದಲೇ ಲೈವ್ ಮಾಡೋಕೆ 50 ಸಬ್‌ಸ್ಕ್ರೈಬರ್ಸ್ ಬೇಕು.

ಕ್ಯಾಮೆರಾಗೆ ದುಡ್ಡು ಹಾಕೋಕೆ ಹೋಗ್ಬೇಡಿ. ನಮ್ಮ ಮೊದಲ ಒಂದು ವರ್ಷದ ವಿಡಿಯೋಗಳಲ್ಲಿ ಪಾಸ್ಟರ್ ಮಾತಿಗಿಂತ ಫೋನ್ ಮೇಲಿದ್ದ ಫ್ಯಾನಿನ ಟಕ್ ಟಕ್ ಸದ್ದೇ ಜೋರು. ಹಳೇ ಕಟ್ಟಡ, ಎತ್ತರದ ಚಾವಣಿ, ಮಾತು ಗೋಡೆಗೆ ಬಡಿದು ವಾಪಸ್ ಬರತ್ತೆ, ಹಿಂದಿನ ಬೆಂಚಲ್ಲಿಟ್ಟ ಫೋನಿಗೆ ಏನೂ ಗೊತ್ತಾಗಲ್ಲ. ಕೊನೆಗೆ ಪಾಸ್ಟರ್ ಅಂಗಿಗೆ ಸಿಕ್ಕಿಸೋ ಒಂದು ಕಾಲರ್ ಮೈಕ್ ತಂದು ಫೋನಿಗೆ ಹಾಕಿದ್ವಿ, ಫೋನ್ ಮೇಲಿನ ಫ್ಯಾನ್ ಒಂದು ಗಂಟೆ ಆಫ್ ಮಾಡಿದ್ವಿ, ಅಷ್ಟಕ್ಕೇ ಊರಲ್ಲಿ ಮಲಗಿದ್ದ ಅಜ್ಜಿಯೊಬ್ರು ಮಗನ ಕೈಲಿ ಫೋನ್ ಮಾಡಿಸಿ "ಇವತ್ತು ಪ್ರಸಂಗ ಪೂರ್ತಿ ಕೇಳಿಸ್ತು" ಅಂತ ಹೇಳಿದ್ರು. ಪೂರ್ತಿ ಒಂದೂವರೆ ಗಂಟೆ ಹೊಸಬರು ನೋಡಲ್ಲ, ಅದರಿಂದ ಎರಡು ನಿಮಿಷದ ತುಣುಕು ಕತ್ತರಿಸಿ ಶಾರ್ಟ್ಸ್ ಹಾಕಿ, ಕೆಳಗೆ ಮಾತುಗಳನ್ನ ಅಕ್ಷರದಲ್ಲಿ ಹಾಕಿ, ಬಸ್ಸಲ್ಲಿ ಕೂತು ಸೌಂಡ್ ಇಲ್ಲದೇ ನೋಡೋರು ತುಂಬಾ ಜನ.

ಏನು ಹಾಕಬಾರದು

ನಮ್ಮ ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸೋಕೂ ಪ್ರಚಾರ ಮಾಡೋಕೂ ಎಲ್ರಿಗೂ ಹಕ್ಕು ಕೊಟ್ಟಿದೆ, ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರಲ್ಲಿ ಸ್ಟ್ಯಾನಿಸ್ಲಾಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪ್ರಚಾರದ ಹಕ್ಕು ಅಂದ್ರೆ ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕಲ್ಲ ಅಂತ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಮೋಸ, ಆಮಿಷ, ಮದುವೆಯ ಭರವಸೆಯಿಂದ ಮತಾಂತರ ಮಾಡೋದನ್ನ ಅಪರಾಧ ಮಾಡ್ತು, 2023ರ ಜೂನಲ್ಲಿ ಅದನ್ನ ವಾಪಸ್ ತಗೋಬೇಕು ಅಂತ ಸಂಪುಟ ತೀರ್ಮಾನ ಮಾಡ್ತು. ನಾನು ಹೇಳೋದು, ಕಾಯ್ದೆ ಇರ್ಲಿ ಇಲ್ಲದಿರ್ಲಿ, ಆಮಿಷ ತೋರ್ಸಿ ಯೇಸುವಿನ ಹೆಸರು ಹೇಳೋದು ಯೇಸುವಿಗೇ ಅವಮಾನ. ರೇಶನ್ ಕಿಟ್ ಕೊಡೋ ಫೋಟೋ ಪಕ್ಕ ವಾಕ್ಯ ಹಾಕ್ಬೇಡಿ. ಸಹಾಯ ಮಾಡಿ, ಫೋಟೋ ಬೇಡ.

ಬೇರೆಯವರ ದೇವರು, ಹಬ್ಬ, ಆಚಾರದ ಬಗ್ಗೆ ಒಂದು ಮಾತೂ ಕೀಳಾಗಿ ಬರಬಾರದು, ಪೋಸ್ಟಲ್ಲೂ, ಕಾಮೆಂಟಲ್ಲೂ, ಸಭೆಯವ್ರು ಉತ್ಸಾಹದಲ್ಲಿ ಹಾಕಿದ್ರೂ ತೆಗೀರಿ. 1 ಪೇತ್ರ 3:15 ನಮ್ಮ ನಿರೀಕ್ಷೆಗೆ ಕಾರಣ ಕೇಳಿದವ್ರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಿ ಅಂತಲೇ ಹೇಳೋದು. "ಎಷ್ಟು ದುಡ್ಡು ಕೊಡ್ತೀರಾ" ಅಂತ ಕೆಣಕೋರು ಬಂದೇ ಬರ್ತಾರೆ, ಒಂದೇ ಸಲ ಸಮಾಧಾನವಾಗಿ "ಯಾರಿಗೂ ಕೊಡಲ್ಲ ಸರ್, ಭಾನುವಾರ ಬಂದು ನೀವೇ ನೋಡ್ಬಹುದು" ಅಂತ ಬರೆದು ಬಿಟ್ಬಿಡಿ, ವಾದಕ್ಕೆ ಕೂರ್ಬೇಡಿ.

ವಾಸಿ ಆಗತ್ತೆ ಅಂತ ಗ್ಯಾರಂಟಿ ಕೊಡ್ಬೇಡಿ. ಪವಾಡದಿಂದ ರೋಗ ವಾಸಿ ಅಂತ ಜಾಹೀರಾತು ಮಾಡೋದರ ಮೇಲೆ 1954ರಿಂದಲೇ ಕೇಂದ್ರದ ಕಾಯ್ದೆ ಇದೆ. ಅದಕ್ಕಿಂತ ಮುಖ್ಯ, ಶುಗರ್ ಮಾತ್ರೆ ಬಿಟ್ಟು ಪ್ರಾರ್ಥನೆಗೆ ಬಂದವ್ರಿಗೆ ಏನಾದ್ರೂ ಆದ್ರೆ ದೇವರ ಮುಂದೆ ಏನಂತ ಹೇಳ್ತೀವಿ. ಪ್ರಾರ್ಥಿಸ್ತೀವಿ, ಮಾತ್ರೆ ನಿಲ್ಲಿಸ್ಬೇಡಿ, ಎರಡೂ ಒಟ್ಟಿಗೇ ಬರೀರಿ. ಪ್ರತಿ ವಿಡಿಯೋ ಕೆಳಗೂ ಕ್ಯೂಆರ್ ಕೋಡ್ ಹಾಕೋದೂ ಬೇಡ, ಹೊಸಬರು ಮೊದಲು ನೋಡೋದು ಅದನ್ನೇ. ವಿದೇಶದಿಂದ ಕಾಣಿಕೆ ಬರೋ ಹಾಗಿದ್ರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೇ ಒಂದು ರೂಪಾಯಿನೂ ತಗೋಬೇಡಿ.

ಸಾಕ್ಷಿ ವಿಡಿಯೋ ಬಗ್ಗೆ ನನ್ನದೇ ತಪ್ಪು ಹೇಳ್ತೀನಿ. ಒಬ್ಬ ತಂಗಿ ಪ್ರಾರ್ಥನೆಯಿಂದ ತನಗೆ ಸಿಕ್ಕ ಸಮಾಧಾನದ ಬಗ್ಗೆ ಚರ್ಚಲ್ಲಿ ಮಾತಾಡಿದ್ಲು, ಅತ್ತುಬಿಟ್ಲು, ನಾನು ಅದನ್ನ ಮುಖ ಸಮೇತ ಹಾಕ್ದೆ. ಹಾಕ್ಲಾ ಅಂತ ಕೇಳಿರಲಿಲ್ಲ, ಚರ್ಚಲ್ಲಿ ಎಲ್ಲರ ಮುಂದೆ ಹೇಳಿದ್ದಲ್ವಾ ಅಂದ್ಕೊಂಡೆ. ಎರಡೇ ದಿನಕ್ಕೆ ಅವಳ ಗಂಡನ ಮನೆಯವ್ರಿಗೆ ತಲುಪ್ತು, ಆರು ತಿಂಗಳು ಅವಳನ್ನ ಚರ್ಚಿಗೇ ಕಳಿಸ್ಲಿಲ್ಲ. ವಿಡಿಯೋ ತೆಗೆದ್ರೂ ಫಾರ್ವರ್ಡ್ ಆಗಿದ್ದು ನಿಲ್ಲಲಿಲ್ಲ. ಅವಳ ಕ್ಷಮೆ ಕೇಳಿದೀನಿ, ಆದ್ರೂ ಮನಸ್ಸಿಗೆ ಅದು ಹೋಗಿಲ್ಲ. ಆವಾಗಿಂದ ನಮ್ಮ ನಿಯಮ: ಬಾಯಲ್ಲಿ ಒಪ್ಪಿಗೆ ಸಾಲಲ್ಲ, ಒಂದು ವಾರ ಬಿಟ್ಟು ಮತ್ತೆ ಕೇಳ್ಬೇಕು, ಮನೇಲಿ ಯಾರಿಗೆ ಗೊತ್ತು ಅಂತ ಕೇಳ್ಬೇಕು, ಅನುಮಾನ ಇದ್ರೆ ಹಾಕೋದೇ ಬೇಡ. ಸಂಡೇ ಸ್ಕೂಲ್ ಮಕ್ಕಳ ಮುಖ ಅಪ್ಪ ಅಮ್ಮ ಬರೆದು ಕೊಡದೇ ಹಾಕಲ್ಲ, ಹೆಸರು ಅಂತೂ ಹಾಕೋದೇ ಇಲ್ಲ.

ಮೆಸೇಜ್ ಬಂದಾಗ

ಮೊದಲು ಕೇಳಿಸ್ಕೊಳ್ಳಿ. ವಾಕ್ಯ ಫಾರ್ವರ್ಡ್ ಮಾಡೋಕೆ ಅವಸರ ಬೇಡ. "ಎಷ್ಟು ದಿನದಿಂದ ಹೀಗಿದೆ?" "ಊಟ ಆಯ್ತಾ?" ಈ ಎರಡು ಪ್ರಶ್ನೆಗೆ ಜನ ಮನಸ್ಸು ಬಿಚ್ತಾರೆ. ಪ್ರಾರ್ಥನೆ ಮಾಡ್ತೀವಿ ಅಂತ ಹೇಳಿದ್ರೆ ನಿಜವಾಗ್ಲೂ ಮಾಡಿ, ನಾಲ್ಕು ದಿನ ಬಿಟ್ಟು "ಅಮ್ಮನ ಆಪರೇಶನ್ ಏನಾಯ್ತು?" ಅಂತ ನೀವೇ ಕೇಳಿ. ನೂರು ಪೋಸ್ಟ್ ಮಾಡದ ಕೆಲಸ ಆ ಒಂದು ಪ್ರಶ್ನೆ ಮಾಡತ್ತೆ. ಸ್ಕ್ರೀನ್‌ಶಾಟ್ ತೆಗೆದು ಪ್ರೇಯರ್ ಗ್ರೂಪಿಗೆ ಹಾಕೋದು ಖಂಡಿತ ಬೇಡ, ಹೆಸರಿಲ್ಲದೇ ವಿಷಯ ಮಾತ್ರ ಹೇಳಿ, ದೇವರಿಗೆ ಯಾರು ಅಂತ ಗೊತ್ತಿರತ್ತೆ.

ಬದುಕೋದು ಬೇಡ ಅನ್ನಿಸ್ತಿದೆ ಅಂತ ಯಾರಾದ್ರೂ ಬರೆದ್ರೆ ಟೈಪ್ ಮಾಡ್ತಾ ಕೂರ್ಬೇಡಿ. ತಕ್ಷಣ ಫೋನ್ ಮಾಡಿ, ಹತ್ರದಲ್ಲಿ ಯಾರಿದಾರೆ ಅಂತ ಕೇಳಿ, ಟೆಲಿ ಮಾನಸ್ 14416 ನಂಬರ್ ಕೊಡಿ, ಅದು ಸರ್ಕಾರದ್ದು, ಫ್ರೀ, ಹಗಲು ರಾತ್ರಿ ಇರತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಜೀವಕ್ಕೆ ಈಗಲೇ ಅಪಾಯ ಅನ್ಸಿದ್ರೆ 112. ಆ ಮೂರು ಜನರ ಫೋನಲ್ಲೂ ಈ ಎರಡು ನಂಬರ್ ಇವತ್ತೇ ಸೇವ್ ಮಾಡ್ಸಿ.

ಕೆಲವರು ಕೊನೆಗೆ "ಒಂದ್ಸಲ ಬಂದು ನೋಡ್ಲಾ" ಅಂತಾರೆ. ಅವಾಗ ಕೇಳೋ ಪ್ರಶ್ನೆ ತ್ರಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನೋದರ) ಬಗ್ಗೆ ಇರಲ್ಲ. "ಚಪ್ಪಲಿ ಹೊರಗೆ ಬಿಡ್ಬೇಕಾ? ತಲೆ ಮೇಲೆ ಸೆರಗು ಹಾಕ್ಬೇಕಾ? ಕುಂಕುಮ ಇಟ್ಕೊಂಡು ಬಂದ್ರೆ ಯಾರಾದ್ರೂ ಏನಾದ್ರೂ ಅಂತಾರಾ? ದುಡ್ಡು ಹಾಕ್ಬೇಕಾ?" ಹೋದ ವರ್ಷ ಒಬ್ಬ ತಾಯಿ ಹೀಗೇ ಕೇಳಿದ್ರು. ನಮ್ಮ ಸಿಸ್ಟರ್ ಒಂದೊಂದಕ್ಕೂ ಉತ್ತರ ಬರೆದು, ಗೇಟಿನ ಫೋಟೋ ಕಳಿಸಿ, "ನಾನು ಹಸಿರು ಸೀರೆ ಉಟ್ಕೊಂಡು ಒಂಬತ್ತೂಕಾಲಿಗೆ ಗೇಟ್ ಹತ್ರ ನಿಂತಿರ್ತೀನಿ, ಕೊನೇ ಬೆಂಚಲ್ಲಿ ಒಟ್ಟಿಗೆ ಕೂರೋಣ" ಅಂತ ಕಳ್ಸಿದ್ರು. ಆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಈಗ ಪೇಜಲ್ಲಿ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿಟ್ಟಿದೀವಿ, ನೀವೂ ನಿಮ್ಮ ಚರ್ಚಿನ ಪದ್ಧತಿಗೆ ತಕ್ಕ ಹಾಗೆ ಬರೆದು ಹಾಕಿ. ಆ ಭಾನುವಾರ ಒಂಬತ್ತೂವರೆ ಆಯ್ತು, ಬೆಲ್ ಹೊಡೆದಾಯ್ತು, ಮೊದಲನೇ ಕೀರ್ತನೆ ಶುರು ಆಯ್ತು, ಸಿಸ್ಟರ್ ಇನ್ನೂ ಗೇಟಲ್ಲೇ ನಿಂತಿದ್ರು. ಒಂಬತ್ತೂ ಐವತ್ತಕ್ಕೆ ಒಂದು ಆಟೋ ಬಂತು.